ಬೆಂಗಳೂರು ಎಫ್‌ಸಿ ತಂಡದ 2013–14ರ ಋತು

ಬೆಂಗಳೂರು ಫುಟ್‌ಬಾಲ್ ಕ್ಲಬ್ (ಸಂಕ್ಷಿಪ್ತವಾಗಿ ಬೆಂಗಳೂರು ಎಫ್‌ಸಿ) ತನ್ನ ಸ್ಥಾಪನೆಯ ನಂತರ ಆಡಿದ ಮೊದಲ ಋತು 2013–14ರದು. ಆಗ ಭಾರತದ ಅತ್ಯುನ್ನತ ದರ್ಜೆಯ ಫುಟ್‌ಬಾಲ್ ಪಂದ್ಯಾವಳಿಯಾಗಿದ್ದ ಐ-ಲೀಗ್‌ನಲ್ಲಿ ತಂಡವು 24 ಪಂದ್ಯಗಳಿಂದ 47 ಅಂಕಗಳನ್ನು ಗಳಿಸಿ ಪ್ರಶಸ್ತಿಯನ್ನು ಪಡೆಯಿತು. ಕರ್ನಾಟಕದ ಕ್ಲಬ್ ಒಂದು ರಾಷ್ಟ್ರಮಟ್ಟದ ಲೀಗ್ ಪ್ರಶಸ್ತಿಯನ್ನು ಗೆದ್ದದ್ದು ಇದೇ ಮೊದಲು. ತಂಡದ ತರಬೇತುದಾರರಾಗಿ ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ಹಾಗೂ ನಾಯಕರಾಗಿ ಸುನಿಲ್ ಚೆಟ್ರಿ ಕಾರ್ಯನಿರ್ವಹಿಸಿದರು. ತವರಿನ ಪಂದ್ಯಗಳು ಅಶೋಕನಗರದಲ್ಲಿರುವ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆದವು.

ಹಿನ್ನೆಲೆ

ಬೆಂಗಳೂರಿಗೆ ಫುಟ್‌ಬಾಲ್ ಹೊಸ ಆಟವಲ್ಲ. ಬ್ರಿಟಿಷರ ದಂಡು ಪ್ರದೇಶದ ಮೂಲಕ ನಗರಕ್ಕೆ ಬಂದ ಈ ಆಟ, ಹಲಸೂರು, ಗೌತಮಪುರ, ಆಸ್ಟಿನ್ ಟೌನ್ ಮೊದಲಾದ ಬಡಾವಣೆಗಳಲ್ಲಿ ಆಳವಾಗಿ ಬೇರೂರಿತು. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿಯನ್ನು ಗೆದ್ದಿತು. ಅದುವರೆಗೆ ಸೈನಿಕ ತಂಡಗಳ ವಶದಲ್ಲಿಯೇ ಇದ್ದ ಆ ಕಪ್, ಒಂದು ಭಾರತೀಯ ನಾಗರಿಕ ತಂಡದ ಕೈಗೆ ಬಂದದ್ದು 1937ರಲ್ಲಿಯೇ. ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯವು 1946–47, 1952–53, 1967–68 ಮತ್ತು 1968–69ರಲ್ಲಿ, ಒಟ್ಟು ನಾಲ್ಕು ಬಾರಿ ಗೆದ್ದುಕೊಂಡಿತ್ತು.

ನಗರವು ರಾಷ್ಟ್ರೀಯ ತಂಡಕ್ಕೂ ಹಲವು ಆಟಗಾರರನ್ನು ಕೊಟ್ಟಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಪರವಾಗಿ ಗೋಲು ಗಳಿಸಿದ ಎಸ್. ರಾಮನ್, 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಹಾಗೂ 1951ರಲ್ಲಿ ಚಿನ್ನ ಗೆದ್ದ ಏಷ್ಯನ್ ಕ್ರೀಡಾಕೂಟದ ತಂಡದಲ್ಲಿ ಆಡಿದ ಅಹ್ಮದ್ ಖಾನ್, ನಂತರದ ತಲೆಮಾರಿನ ಎಂ. ಕೆಂಪಯ್ಯ ಮತ್ತು ಅರುಮೈನಾಯಗಂ ಇವರಲ್ಲಿ ಪ್ರಮುಖರು.

ಆದರೆ ಈ ಆಟಗಾರರ ಬದುಕಿನಲ್ಲಿ ಒಂದು ಸಾಮಾನ್ಯ ಅಂಶವಿದೆ. ಪ್ರತಿಭೆ ಬೆಳೆದದ್ದು ಬೆಂಗಳೂರಿನಲ್ಲಾದರೂ, ಅದಕ್ಕೆ ದೊಡ್ಡ ವೇದಿಕೆ ದೊರೆತದ್ದು ಕೊಲ್ಕತ್ತದಲ್ಲಿ. ಅಹ್ಮದ್ ಖಾನ್ ಅವರು ಈಸ್ಟ್ ಬೆಂಗಾಲ್ ಕ್ಲಬ್‌ನ 'ಪಂಚ ಪಾಂಡವರು' ಎಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾಗಿದ್ದರು. ಕೆಂಪಯ್ಯ ಮತ್ತು ಅರುಮೈನಾಯಗಂ ಅವರು ಮೋಹನ್ ಬಾಗಾನ್ ಪರವಾಗಿ ಆಡಿದರು. ಊರಿನಲ್ಲಿಯೇ ಉಳಿದವರಿಗೆ ಆಸರೆಯಾದದ್ದು ಐಟಿಐ, ಎಚ್‌ಎಎಲ್ ಮೊದಲಾದ ಸಾರ್ವಜನಿಕ ವಲಯದ ಕಾರ್ಖಾನೆಗಳ ತಂಡಗಳು. ಅಲ್ಲಿ ಆಟಗಾರನು ಮೂಲತಃ ಕಾರ್ಖಾನೆಯ ನೌಕರ. ಆಟವು ಅವನಿಗೆ ನೌಕರಿಯನ್ನು ದೊರಕಿಸಿಕೊಟ್ಟಿತೇ ಹೊರತು ಆಟವೇ ನೌಕರಿಯಾಗಿರಲಿಲ್ಲ.

ಕಾಲಕ್ರಮೇಣ ಕಾರ್ಖಾನೆಗಳಲ್ಲಿ ಕ್ರೀಡಾ ನೇಮಕಾತಿ ಕಡಿಮೆಯಾದಂತೆ ಈ ತಂಡಗಳೂ ಸೊರಗಿದವು. ಎಚ್‌ಎಎಲ್ ತಂಡವು ಐ-ಲೀಗ್‌ನಲ್ಲಿ ನಗರವನ್ನು ಪ್ರತಿನಿಧಿಸಿ, 2011–12ರ ಋತುವಿನ ಕೊನೆಯಲ್ಲಿ ಕೆಳದರ್ಜೆಗೆ ಇಳಿಯಿತು. ಹೀಗಾಗಿ 2012–13ರಲ್ಲಿ ದೇಶದ ಅಗ್ರ ಲೀಗ್‌ನಲ್ಲಿ ಬೆಂಗಳೂರಿನ ತಂಡವೇ ಇರಲಿಲ್ಲ. ಬೆಂಗಳೂರು ಎಫ್‌ಸಿಯ ಸ್ಥಾಪನೆಯನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕಾಗುತ್ತದೆ.

ಕ್ಲಬ್‌ನ ಸ್ಥಾಪನೆ ಮತ್ತು ಹೆಸರು

ಫುಟ್‌ಬಾಲ್ ಆಟವನ್ನು ಹೊಸ ನಗರಗಳಿಗೆ ವಿಸ್ತರಿಸುವ ಉದ್ದೇಶದಿಂದ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ಖಾಸಗಿ ಸಂಸ್ಥೆಗಳಿಗೆ ಐ-ಲೀಗ್‌ಗೆ ನೇರ ಪ್ರವೇಶ ನೀಡುವ ಯೋಜನೆಯನ್ನು ರೂಪಿಸಿತು. ಸಾಮಾನ್ಯವಾಗಿ ಹೊಸ ತಂಡವೊಂದು ಎರಡನೆಯ ದರ್ಜೆಯ ಲೀಗ್‌ನಲ್ಲಿ ಆಡಿ ಗೆದ್ದು ಮೇಲಕ್ಕೆ ಬರಬೇಕು. ನೇರ ಪ್ರವೇಶದ ತಂಡಕ್ಕೆ ಈ ಮೆಟ್ಟಿಲಿನ ಅಗತ್ಯವಿಲ್ಲ. ಈ ಯೋಜನೆಯ ಅಡಿಯಲ್ಲಿ ಬೆಂಗಳೂರಿನ ತಂಡದ ಹಕ್ಕನ್ನು ಜೆಎಸ್‌ಡಬ್ಲ್ಯು ಸಮೂಹವು ಪಡೆಯಿತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಬೃಹತ್ ಉಕ್ಕಿನ ಕಾರ್ಖಾನೆಯನ್ನು ಹೊಂದಿರುವ ಈ ಸಮೂಹಕ್ಕೆ ಕರ್ನಾಟಕದೊಂದಿಗೆ ಮೊದಲಿನಿಂದಲೂ ಸಂಬಂಧವಿತ್ತು. 2013ರ ಜುಲೈ 20ರಂದು ಕ್ಲಬ್‌ನ ಹೆಸರು ಮತ್ತು ಲಾಂಛನವನ್ನು ಅಧಿಕೃತವಾಗಿ ಪ್ರಕಟಿಸಲಾಯಿತು. ಮೊದಲ ಪಂದ್ಯಕ್ಕೆ ಆಗ ಉಳಿದಿದ್ದದ್ದು ಸುಮಾರು ಎರಡು ತಿಂಗಳು ಮಾತ್ರ.

ಕ್ಲಬ್ ಆರಿಸಿಕೊಂಡ ಹೆಸರೂ ಗಮನಾರ್ಹವಾದುದು. ನಗರದ ಇಂಗ್ಲಿಷ್ ಹೆಸರು ಅಧಿಕೃತವಾಗಿ 'ಬ್ಯಾಂಗಲೋರ್' ಎಂಬುದರಿಂದ 'ಬೆಂಗಳೂರು' ಎಂದು ಬದಲಾದದ್ದು 2014ರ ನವೆಂಬರ್ 1ರಂದು, ಕರ್ನಾಟಕ ರಾಜ್ಯೋತ್ಸವದ ದಿನ. ಅದಕ್ಕೂ ಒಂದು ವರ್ಷಕ್ಕಿಂತ ಮೊದಲೇ ಕ್ಲಬ್ ಕನ್ನಡದ ರೂಪವನ್ನೇ ತನ್ನ ಹೆಸರಾಗಿ ಸ್ವೀಕರಿಸಿತ್ತು. ಅಂದರೆ ತಂಡವು ಪ್ರಶಸ್ತಿ ಗೆದ್ದಾಗ ಸರ್ಕಾರಿ ಇಂಗ್ಲಿಷ್ ದಾಖಲೆಗಳಲ್ಲಿ ಊರಿನ ಹೆಸರು ಇನ್ನೂ ಹಳೆಯದೇ ಆಗಿತ್ತು.

ತರಬೇತುದಾರ ಮತ್ತು ಆಟಗಾರರು

ಆಶ್ಲೆ ವೆಸ್ಟ್‌ವುಡ್ ಅವರು ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್‌ನ ಕಿರಿಯರ ವಿಭಾಗದಲ್ಲಿ ತರಬೇತಿ ಪಡೆದು, ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್ ವೆನ್ಸ್‌ಡೇ ಮೊದಲಾದ ಇಂಗ್ಲಿಷ್ ತಂಡಗಳಲ್ಲಿ ರಕ್ಷಣಾ ಆಟಗಾರರಾಗಿದ್ದವರು. ಬೆಂಗಳೂರಿಗೆ ಬರುವ ಮೊದಲು ಅವರು ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡದಲ್ಲಿ ಸಹಾಯಕ ತರಬೇತುದಾರರಾಗಿದ್ದರು. ಮುಖ್ಯ ತರಬೇತುದಾರರಾಗಿ ನೇಮಕಗೊಂಡಾಗ ಅವರ ವಯಸ್ಸು 36. ಪ್ರದ್ಯುಮ್ ರೆಡ್ಡಿ ಅವರು ಸಹಾಯಕರಾಗಿದ್ದರು.

ನಾಯಕ ಸುನಿಲ್ ಚೆಟ್ರಿ ಅವರು ಇದಕ್ಕೂ ಹಿಂದಿನ ಋತುವಿನ ಕೊನೆಯ ಭಾಗದಲ್ಲಿ ಗೋವಾದ ಚರ್ಚಿಲ್ ಬ್ರದರ್ಸ್ ಪರವಾಗಿ ಆಡಿ ಐ-ಲೀಗ್ ಗೆದ್ದಿದ್ದರು. ರಾಷ್ಟ್ರೀಯ ತಂಡದ ಪ್ರಮುಖ ಆಟಗಾರರೊಬ್ಬರು ಆಗಷ್ಟೇ ಹುಟ್ಟಿದ ಕ್ಲಬ್ಬನ್ನು ಆರಿಸಿಕೊಂಡದ್ದು ಇತರ ಆಟಗಾರರಿಗೂ ಭರವಸೆ ನೀಡಿತು. ಮುಂಚೂಣಿಯಲ್ಲಿ ರಾಬಿನ್ ಸಿಂಗ್ ಮತ್ತು ಬೆಯ್ಖೊಖೈ ಬೆಯಿಂಗೈಚೊ, ಮಿಡ್‌ಫೀಲ್ಡ್‌ನಲ್ಲಿ ಥೋಯ್ ಸಿಂಗ್, ರಕ್ಷಣೆಯಲ್ಲಿ ರಿನೊ ಆಂಟೊ ಮತ್ತು ಕೀಗನ್ ಪೆರೇರಾ, ಗೋಲ್‌ಕೀಪರ್ ಆಗಿ ಪವನ್ ಕುಮಾರ್ ತಂಡದಲ್ಲಿದ್ದರು. ಬೆಂಗಳೂರಿನವರೇ ಆದ ಶಂಕರ್ ಸಂಪಂಗಿರಾಜ್ ಮಿಡ್‌ಫೀಲ್ಡ್ ಆಟಗಾರರಾಗಿದ್ದರು.

ಆಗಿನ ನಿಯಮದಂತೆ ಪ್ರತಿ ತಂಡವು ನಾಲ್ವರು ವಿದೇಶಿ ಆಟಗಾರರನ್ನು ಹೊಂದಬಹುದಿತ್ತು. ಅವರಲ್ಲಿ ಒಬ್ಬರು ಏಷ್ಯನ್ ಫುಟ್‌ಬಾಲ್ ಒಕ್ಕೂಟದ ಸದಸ್ಯ ದೇಶಕ್ಕೆ ಸೇರಿದವರಾಗಿರಬೇಕಿತ್ತು. ಬೆಂಗಳೂರಿನ ನಾಲ್ವರು ಹೀಗಿದ್ದರು: ಇಂಗ್ಲೆಂಡಿನ ಜಾನ್ ಜಾನ್ಸನ್ ಮತ್ತು ಕೀನ್ಯಾದ ಕರ್ಟಿಸ್ ಒಸಾನೊ (ಇಬ್ಬರೂ ರಕ್ಷಣಾ ಆಟಗಾರರು), ಲೈಬೀರಿಯಾದ ಜಾನಿ ಮೆನ್ಯೊಂಗರ್, ಆಸ್ಟ್ರೇಲಿಯಾದ ಶಾನ್ ರೂನಿ. ಆಸ್ಟ್ರೇಲಿಯಾ 2006ರಲ್ಲಿ ಏಷ್ಯನ್ ಒಕ್ಕೂಟವನ್ನು ಸೇರಿದ್ದರಿಂದ ರೂನಿ ಅವರನ್ನು ಏಷ್ಯಾದ ಆಟಗಾರರೆಂದೇ ಪರಿಗಣಿಸಲಾಗುತ್ತಿತ್ತು. ರಕ್ಷಣೆಯ ನಡುಭಾಗವನ್ನು ಇಬ್ಬರು ವಿದೇಶಿಯರಿಗೆ ಒಪ್ಪಿಸಿ, ಗೋಲು ಗಳಿಸುವ ಮುಖ್ಯ ಹೊಣೆಯನ್ನು ಭಾರತೀಯರಿಗೆ ವಹಿಸಿದ್ದು ಈ ತಂಡದ ವೈಶಿಷ್ಟ್ಯ. ಆಗಿನ ಹೆಚ್ಚಿನ ಕ್ಲಬ್‌ಗಳು ಮುಂಚೂಣಿಗೇ ವಿದೇಶಿ ಆಟಗಾರರನ್ನು ತರುತ್ತಿದ್ದವು.

ಲೀಗ್‌ನ ಸ್ವರೂಪ

ಲೀಗ್ ಎಂದರೆ ಪ್ರತಿ ತಂಡವೂ ಉಳಿದ ಎಲ್ಲ ತಂಡಗಳೊಡನೆ ಎರಡು ಬಾರಿ, ಒಮ್ಮೆ ತನ್ನ ಊರಿನಲ್ಲಿ ಮತ್ತೊಮ್ಮೆ ಎದುರಾಳಿಯ ಊರಿನಲ್ಲಿ, ಆಡುವ ಪದ್ಧತಿ. ಗೆಲುವಿಗೆ 3 ಅಂಕ, ಡ್ರಾಗೆ 1 ಅಂಕ, ಸೋಲಿಗೆ ಅಂಕವಿಲ್ಲ. ಎಲ್ಲ ಪಂದ್ಯಗಳು ಮುಗಿದಾಗ ಹೆಚ್ಚು ಅಂಕ ಪಡೆದ ತಂಡವೇ ವಿಜೇತ. ಇಲ್ಲಿ ಅಂತಿಮ ಪಂದ್ಯವೆಂಬುದು ಇರುವುದಿಲ್ಲ. ಆದ್ದರಿಂದ ಒಂದು ದಿನದ ಅದೃಷ್ಟಕ್ಕಿಂತ ಹಲವು ತಿಂಗಳುಗಳ ಸ್ಥಿರತೆಗೆ ಇಲ್ಲಿ ಬೆಲೆ ಹೆಚ್ಚು.

2013–14ರಲ್ಲಿ 13 ತಂಡಗಳಿದ್ದವು. ಗೋವಾದಿಂದ ಡೆಂಪೊ, ಚರ್ಚಿಲ್ ಬ್ರದರ್ಸ್, ಸಾಲ್ಗಾಂವ್ಕರ್ ಮತ್ತು ಸ್ಪೋರ್ಟಿಂಗ್ ಗೋವಾ. ಪಶ್ಚಿಮ ಬಂಗಾಳದಿಂದ ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್, ಮೊಹಮ್ಮಡನ್ ಮತ್ತು ಯುನೈಟೆಡ್. ಶಿಲ್ಲಾಂಗ್‌ನಿಂದ ಲಾಜೊಂಗ್ ಮತ್ತು ರಂಗ್ದಾಜೀದ್ ಯುನೈಟೆಡ್. ಮಹಾರಾಷ್ಟ್ರದಿಂದ ಮುಂಬಯಿ ಮತ್ತು ಪುಣೆ. ಇವುಗಳ ಜೊತೆಗೆ ಬೆಂಗಳೂರು. ಈ ಪಟ್ಟಿಯನ್ನು ಗಮನಿಸಿದರೆ ಆಟದ ಭೌಗೋಳಿಕ ಹಂಚಿಕೆ ಸ್ಪಷ್ಟವಾಗುತ್ತದೆ. 13 ತಂಡಗಳ ಪೈಕಿ 8 ತಂಡಗಳು ಎರಡೇ ರಾಜ್ಯಗಳಿಗೆ ಸೇರಿದ್ದವು. ಗೋವಾದ ಅಥವಾ ಬಂಗಾಳದ ತಂಡವೊಂದಕ್ಕೆ ಪರಸ್ಥಳದ 12 ಪಂದ್ಯಗಳಲ್ಲಿ ಮೂರು ತನ್ನ ರಾಜ್ಯದೊಳಗೇ ನಡೆಯುತ್ತಿದ್ದವು. ದಕ್ಷಿಣದ ಒಂಟಿ ತಂಡವಾದ ಬೆಂಗಳೂರಿಗೆ 12 ಪಂದ್ಯಗಳಿಗೂ ದೂರ ಪ್ರಯಾಣ ಅನಿವಾರ್ಯವಾಗಿತ್ತು.

2007–08ರಲ್ಲಿ ಐ-ಲೀಗ್ ಆರಂಭವಾದಂದಿನಿಂದ ನಡೆದಿದ್ದ ಆರು ಋತುಗಳ ಪ್ರಶಸ್ತಿಯೂ ಗೋವಾದ ತಂಡಗಳಿಗೇ ಸಂದಿತ್ತು: ಡೆಂಪೊ ಮೂರು ಬಾರಿ, ಚರ್ಚಿಲ್ ಬ್ರದರ್ಸ್ ಎರಡು ಬಾರಿ, ಸಾಲ್ಗಾಂವ್ಕರ್ ಒಂದು ಬಾರಿ.

ಋತುವಿನ ನಡೆ

2013ರ ಸೆಪ್ಟೆಂಬರ್ 22ರಂದು ಬೆಂಗಳೂರು ಎಫ್‌ಸಿ ತನ್ನ ಮೊದಲ ಅಧಿಕೃತ ಪಂದ್ಯವನ್ನು ತವರಿನಲ್ಲಿ ಮೋಹನ್ ಬಾಗಾನ್ ವಿರುದ್ಧ ಆಡಿತು. 1889ರಲ್ಲಿ ಸ್ಥಾಪನೆಯಾದ, ಶತಮಾನ ದಾಟಿದ ಕ್ಲಬ್ ಒಂದೆಡೆ. ಎರಡು ತಿಂಗಳ ಕೂಸು ಇನ್ನೊಂದೆಡೆ. ಪಂದ್ಯವು 1–1ರಲ್ಲಿ ಸಮನಾಯಿತು. ಶಾನ್ ರೂನಿ ಗಳಿಸಿದ ಗೋಲು ಕ್ಲಬ್‌ನ ಇತಿಹಾಸದ ಮೊದಲ ಗೋಲಾಗಿ ದಾಖಲಾಯಿತು. ನಂತರ ತನ್ನಂತೆಯೇ ಲೀಗ್‌ಗೆ ಹೊಸದಾಗಿದ್ದ ರಂಗ್ದಾಜೀದ್ ಯುನೈಟೆಡ್ ತಂಡವನ್ನು 3–0ರಿಂದ ಸೋಲಿಸಿ ಬೆಂಗಳೂರು ಮೊದಲ ಗೆಲುವನ್ನು ಕಂಡಿತು.

2014ರ ಜನವರಿಯಲ್ಲಿ ಕೇರಳದ ಕೊಚ್ಚಿ ಮತ್ತು ಮಂಜೇರಿಯಲ್ಲಿ ಫೆಡರೇಷನ್ ಕಪ್ ನಡೆಯಿತು. ಇದು ಲೀಗ್‌ಗಿಂತ ಭಿನ್ನವಾದ, ಗುಂಪು ಹಂತದ ನಂತರ ಸೆಮಿಫೈನಲ್ ಮತ್ತು ಫೈನಲ್ ಇರುವ ಪಂದ್ಯಾವಳಿ. ಬೆಂಗಳೂರು ಗುಂಪು ಹಂತದಲ್ಲಿಯೇ ಹೊರಬಿದ್ದಿತು. ಚರ್ಚಿಲ್ ಬ್ರದರ್ಸ್ ತಂಡವು ಫೈನಲ್‌ನಲ್ಲಿ ಸ್ಪೋರ್ಟಿಂಗ್ ಗೋವಾವನ್ನು ಸೋಲಿಸಿ ಕಪ್ ಪಡೆಯಿತು. ಕೆಲವೇ ದಿನಗಳಲ್ಲಿ ತೀರ್ಮಾನವಾಗುವ ಸ್ಪರ್ಧೆಯಲ್ಲಿ ಎಡವಿದ ತಂಡವೇ ಏಳು ತಿಂಗಳುಗಳ ಲೀಗ್‌ನಲ್ಲಿ ಮೇಲುಗೈ ಸಾಧಿಸಿತು ಎಂಬುದು ಈ ಋತುವಿನ ಒಂದು ಮುಖ್ಯ ಅಂಶ.

ಋತುವಿನ ಕೊನೆಯ ವಾರಗಳಲ್ಲಿ ಪ್ರಶಸ್ತಿಗಾಗಿ ಬೆಂಗಳೂರಿಗೆ ಪೈಪೋಟಿ ನೀಡಿದ್ದು ಈಸ್ಟ್ ಬೆಂಗಾಲ್. 2014ರ ಏಪ್ರಿಲ್ 21ರಂದು ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣದಲ್ಲಿ ಬೆಂಗಳೂರು ತಂಡವು ಡೆಂಪೊವನ್ನು 4–2ರಿಂದ ಸೋಲಿಸಿತು. ಇದರೊಂದಿಗೆ ಒಂದು ಪಂದ್ಯ ಬಾಕಿ ಇರುವಾಗಲೇ ಪ್ರಶಸ್ತಿ ಖಚಿತವಾಯಿತು. ಆರು ವರ್ಷಗಳ ಕಾಲ ಐ-ಲೀಗ್ ಪ್ರಶಸ್ತಿಯನ್ನು ತನ್ನಲ್ಲಿಯೇ ಇಟ್ಟುಕೊಂಡಿದ್ದ ಗೋವಾದಲ್ಲಿ, ಅದನ್ನು ಮೂರು ಬಾರಿ ಗೆದ್ದಿದ್ದ ತಂಡದ ಎದುರು, ಬೆಂಗಳೂರು ಅದನ್ನು ತನ್ನದಾಗಿಸಿಕೊಂಡಿತು.

ಅಂಕಗಳ ಲೆಕ್ಕ

ಬೆಂಗಳೂರು ಆಡಿದ 24 ಪಂದ್ಯಗಳಲ್ಲಿ 14 ಗೆಲುವು, 5 ಡ್ರಾ ಮತ್ತು 5 ಸೋಲುಗಳಿದ್ದವು. ಗೆಲುವುಗಳಿಂದ 42 ಹಾಗೂ ಡ್ರಾಗಳಿಂದ 5 ಅಂಕಗಳು ಸೇರಿ ಒಟ್ಟು 47 ಆಯಿತು. ಎರಡನೆಯ ಸ್ಥಾನ ಪಡೆದ ಈಸ್ಟ್ ಬೆಂಗಾಲ್ 43 ಅಂಕಗಳನ್ನು ಗಳಿಸಿತು. ನಾಲ್ಕು ಅಂಕಗಳ ಈ ಅಂತರವು ಎರಡು ಪಂದ್ಯಗಳ ಫಲಿತಾಂಶ ಬೇರೆಯಾಗಿದ್ದರೆ ಅಳಿಸಿಹೋಗಬಹುದಾಗಿದ್ದ ಅಂತರ. ಸುನಿಲ್ ಚೆಟ್ರಿ ಅವರು 14 ಗೋಲುಗಳನ್ನು ಗಳಿಸಿ, ಡ್ಯಾರಿಲ್ ಡಫಿ ಮತ್ತು ಕಾರ್ನೆಲ್ ಗ್ಲೆನ್ ಅವರೊಡನೆ ಲೀಗ್‌ನ ಅತಿ ಹೆಚ್ಚು ಗೋಲುಗಳ ಗೌರವವನ್ನು ಹಂಚಿಕೊಂಡರು. ಮೂವರಲ್ಲಿ ಭಾರತೀಯರು ಚೆಟ್ರಿ ಒಬ್ಬರೇ.

ಕ್ರೀಡಾಂಗಣ ಮತ್ತು ಪ್ರೇಕ್ಷಕರು

ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣವು ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಗೆ ಸೇರಿದ್ದು. ಕೃತಕ ಹುಲ್ಲುಹಾಸನ್ನು ಹೊಂದಿದ ಈ ಮೈದಾನದ ಸುತ್ತ ಓಟದ ಪಥವಿಲ್ಲವಾದ್ದರಿಂದ ಪ್ರೇಕ್ಷಕರು ಆಟಕ್ಕೆ ತೀರ ಸಮೀಪದಲ್ಲಿ ಕುಳಿತು ನೋಡಬಹುದಾಗಿತ್ತು. ಪಶ್ಚಿಮ ಭಾಗದ ಅಟ್ಟಣೆಯಲ್ಲಿ ಸೇರುತ್ತಿದ್ದ ಅಭಿಮಾನಿಗಳು ಆ ಭಾಗದ ಹೆಸರನ್ನೇ ಇಟ್ಟುಕೊಂಡು 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಬಳಗವನ್ನು ಕಟ್ಟಿಕೊಂಡರು. ತಂಡದ ನೀಲಿ ಅಂಗಿ ತೊಟ್ಟು ಪಂದ್ಯದುದ್ದಕ್ಕೂ ನಿಂತು ಹಾಡುವುದು ಇವರ ರೂಢಿ.

ಇಲ್ಲಿ ನಗರದ ಭೂಗೋಳವನ್ನೂ ನೆನೆಯಬೇಕು. ಫುಟ್‌ಬಾಲ್ ಬಹುಕಾಲ ದಂಡು ಪ್ರದೇಶದ, ಅಂದರೆ ಪೂರ್ವ ಬೆಂಗಳೂರಿನ ಆಟವೆಂದೇ ಪರಿಗಣಿತವಾಗಿತ್ತು. ಬಸವೇಶ್ವರನಗರ, ರಾಜಾಜಿನಗರ, ವಿಜಯನಗರಗಳಂತಹ ಪಶ್ಚಿಮದ ಬಡಾವಣೆಗಳಿಂದ ಅಶೋಕನಗರಕ್ಕೆ ಹೋಗಬೇಕಾದರೆ ನಗರವನ್ನು ಅಡ್ಡವಾಗಿ ದಾಟಬೇಕು. ರಾಜಾಜಿನಗರದ ಮೂಲಕ ಸಾಗುವ ಮೆಟ್ರೊ ಮಾರ್ಗವು ಸಂಪಿಗೆ ರಸ್ತೆಯಿಂದ ಪೀಣ್ಯದವರೆಗೆ ಆರಂಭವಾದದ್ದು 2014ರ ಮಾರ್ಚ್ 1ರಂದು, ಋತುವಿನ ಕೊನೆಯ ಭಾಗದಲ್ಲಿ. ಅದಕ್ಕೂ ಮಹಾತ್ಮ ಗಾಂಧಿ ರಸ್ತೆಯ ಕಡೆಯ ಮಾರ್ಗಕ್ಕೂ ಆಗ ಸಂಪರ್ಕವಿರಲಿಲ್ಲ. ಪಶ್ಚಿಮದಿಂದ ಬರುವ ಪ್ರೇಕ್ಷಕನಿಗೆ ಬಸ್ಸು ಅಥವಾ ಸ್ವಂತ ವಾಹನವೇ ಗತಿಯಾಗಿತ್ತು. ಕೇವಲ ಒಂದು ಬಡಾವಣೆಯ ಅಥವಾ ಕಾರ್ಖಾನೆಯ ಹೆಸರನ್ನು ಹೊರದೆ ಇಡೀ ಊರಿನ ಹೆಸರನ್ನು ಹೊತ್ತ ತಂಡವಾದ್ದರಿಂದ, ದೂರದ ಬಡಾವಣೆಯವರೂ ಇದನ್ನು ತಮ್ಮದೆಂದು ಭಾವಿಸಲು ಅವಕಾಶವಾಯಿತು.

ಯಶಸ್ಸಿನ ಕಾರಣಗಳು

ಮೊದಲ ಕಾರಣ ಪೂರ್ಣಾವಧಿಯ ವೃತ್ತಿಪರ ವ್ಯವಸ್ಥೆ. ಆಟಗಾರರಿಗೆ ಆಟವೇ ಉದ್ಯೋಗವಾಗಿತ್ತು. ದೈಹಿಕ ಕ್ಷಮತೆ, ಆಹಾರ ಮತ್ತು ವಿಶ್ರಾಂತಿಗಳಿಗೆ ವೆಸ್ಟ್‌ವುಡ್ ಅವರು ವಿಶೇಷ ಒತ್ತು ನೀಡಿದರು. ಎರಡನೆಯದು ತಂಡದ ರಚನೆ: ಅನುಭವಿ ರಕ್ಷಣೆ ಮತ್ತು ವೇಗದ ಭಾರತೀಯ ಮುಂಚೂಣಿಯ ಹೊಂದಾಣಿಕೆ. ಮೂರನೆಯದು ಪರಂಪರೆಯ ಭಾರವಿಲ್ಲದಿರುವಿಕೆ. ಕೊಲ್ಕತ್ತದ ದೊಡ್ಡ ಕ್ಲಬ್‌ಗಳಲ್ಲಿ ಒಂದೆರಡು ಸೋಲುಗಳಿಗೇ ತರಬೇತುದಾರರು ಸ್ಥಾನ ಕಳೆದುಕೊಳ್ಳುವುದುಂಟು. ಹೊಸ ಕ್ಲಬ್‌ನಲ್ಲಿ ಅಂತಹ ಒತ್ತಡ ಕಡಿಮೆಯಿತ್ತು.

ಆದರೆ ಈ ಯಶಸ್ಸಿನ ಮಿತಿಯನ್ನೂ ಗುರುತಿಸಬೇಕು. ತಂಡದ ಮುಖ್ಯ ಆಟಗಾರರಲ್ಲಿ ಹೆಚ್ಚಿನವರು ಹೊರ ರಾಜ್ಯಗಳಿಂದ ಅಥವಾ ವಿದೇಶಗಳಿಂದ ಬಂದವರು. ಅಹ್ಮದ್ ಖಾನ್ ಅವರ ಕಾಲದಲ್ಲಿ ಬೆಂಗಳೂರಿನ ಪ್ರತಿಭೆ ಹೊರಗೆ ಹರಿಯುತ್ತಿತ್ತು. 2013ರಲ್ಲಿ ಹೊರಗಿನ ಪ್ರತಿಭೆ ಬೆಂಗಳೂರಿಗೆ ಹರಿದು ಬಂದಿತು. ಹರಿವಿನ ದಿಕ್ಕು ಬದಲಾದರೂ, ನಗರದ ಮಕ್ಕಳು ತಮ್ಮ ನಗರದ ತಂಡದಲ್ಲಿ ಆಡುವ ಸ್ಥಿತಿ ತಾನಾಗಿಯೇ ಉಂಟಾಗಲಿಲ್ಲ.

ಅದೇ ಋತುವಿನ ಇನ್ನೊಂದು ಮುಖ

ಬೆಂಗಳೂರು ಪ್ರಶಸ್ತಿ ಗೆದ್ದ ವರ್ಷದಲ್ಲಿಯೇ ಇತರ ಕ್ಲಬ್‌ಗಳು ಕುಸಿದವು. ಏಷ್ಯನ್ ಫುಟ್‌ಬಾಲ್ ಒಕ್ಕೂಟದ ಕ್ಲಬ್ ಪರವಾನಗಿಯ ಮಾನದಂಡಗಳನ್ನು ಪೂರೈಸದ ಕಾರಣ ಚರ್ಚಿಲ್ ಬ್ರದರ್ಸ್, ಯುನೈಟೆಡ್ ಮತ್ತು ರಂಗ್ದಾಜೀದ್ ಯುನೈಟೆಡ್ ತಂಡಗಳನ್ನು ಮುಂದಿನ ಋತುವಿನ ಐ-ಲೀಗ್‌ನಿಂದ ಕೈಬಿಡಲಾಯಿತು. ಇವುಗಳಲ್ಲಿ ಚರ್ಚಿಲ್ ಬ್ರದರ್ಸ್ ಅದಕ್ಕೂ ಹಿಂದಿನ ಋತುವಿನ ಲೀಗ್ ವಿಜೇತ ಮತ್ತು ಅದೇ ಋತುವಿನ ಫೆಡರೇಷನ್ ಕಪ್ ವಿಜೇತ ತಂಡ. ಕ್ಲಬ್ ಪರವಾನಗಿಯು ಹಣಕಾಸು, ಆಡಳಿತ, ಮೂಲಸೌಕರ್ಯ, ಕಿರಿಯರ ತರಬೇತಿ ಮೊದಲಾದ ವಿಷಯಗಳನ್ನು ಪರಿಶೀಲಿಸುವ ವ್ಯವಸ್ಥೆ. ಮೈದಾನದಲ್ಲಿ ಗೆದ್ದರೂ ಇವುಗಳಲ್ಲಿ ಕೊರತೆಯಿದ್ದರೆ ತಂಡ ಉಳಿಯದು ಎಂಬುದಕ್ಕೆ ಇದು ನಿದರ್ಶನ.

ನಂತರದ ಬೆಳವಣಿಗೆಗಳು

ಪ್ರಶಸ್ತಿಯ ಫಲವಾಗಿ ಬೆಂಗಳೂರು ಎಫ್‌ಸಿಗೆ ಏಷ್ಯಾ ಖಂಡದ ಕ್ಲಬ್ ಪಂದ್ಯಾವಳಿಗಳಲ್ಲಿ ಆಡುವ ಅರ್ಹತೆ ದೊರೆಯಿತು. ತವರಿನ ಪಂದ್ಯಗಳು ಮುಂದೆ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಸ್ಥಳಾಂತರಗೊಂಡವು. ತಂಡವು 2015ರ ಜನವರಿಯಲ್ಲಿ ಫೆಡರೇಷನ್ ಕಪ್ಪನ್ನು, 2015–16ರಲ್ಲಿ ಎರಡನೆಯ ಬಾರಿ ಐ-ಲೀಗನ್ನು ಗೆದ್ದಿತು. 2016ರ ನವೆಂಬರ್ 5ರಂದು ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿ, ಆ ಹಂತವನ್ನು ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಅಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ವಿರುದ್ಧ 0–1ರಿಂದ ಸೋತಿತು. 2017–18ರಿಂದ ಇಂಡಿಯನ್ ಸೂಪರ್ ಲೀಗ್‌ಗೆ ಸೇರಿ, 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ನಡೆದ ಫೈನಲ್‌ನಲ್ಲಿ ಗೋವಾ ಎಫ್‌ಸಿಯನ್ನು 1–0ರಿಂದ ಸೋಲಿಸಿ ಆ ಪ್ರಶಸ್ತಿಯನ್ನೂ ಪಡೆಯಿತು.

ರಾಜ್ಯ ತಂಡದ ಕಾಯುವಿಕೆ ಇನ್ನೂ ದೀರ್ಘವಾಗಿತ್ತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕವು ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ಮರಳಿ ಗೆದ್ದಿತು. ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಬಂದ ಮೇಲೆ ದೊರೆತ ಮೊದಲ ಸಂತೋಷ್ ಟ್ರೋಫಿ ಇದು.

2025ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಮತ್ತು ಲೀಗ್‌ನ ವಾಣಿಜ್ಯ ಪಾಲುದಾರ ಸಂಸ್ಥೆಯ ನಡುವಿನ ಒಪ್ಪಂದ ನವೀಕರಣವಾಗದೆ ಇಂಡಿಯನ್ ಸೂಪರ್ ಲೀಗ್‌ನ ಹೊಸ ಋತು ಅನಿಶ್ಚಿತವಾಯಿತು. ಆ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲದವರೆಗೆ ತಡೆಹಿಡಿದಿರುವುದಾಗಿ ಪ್ರಕಟಿಸಿತು. ಕಾರ್ಖಾನೆಯ ತಂಡದ ಆಟಗಾರನಿಗೆ ಆಟ ನಿಂತರೂ ನೌಕರಿ ಉಳಿಯುತ್ತಿತ್ತು. ವೃತ್ತಿಪರ ಆಟಗಾರನಿಗೆ ಲೀಗ್ ನಿಂತರೆ ಜೀವನೋಪಾಯವೇ ನಿಲ್ಲುತ್ತದೆ. 2013–14ರ ಋತುವು ನಗರಕ್ಕೆ ತಂದ ವೃತ್ತಿಪರ ವ್ಯವಸ್ಥೆಯ ಲಾಭ ಮತ್ತು ಅಪಾಯಗಳೆರಡನ್ನೂ ಈ ಘಟನೆಯ ಜೊತೆಗಿಟ್ಟು ನೋಡಿದಾಗಲೇ ಅದರ ಸ್ಥಾನ ಪೂರ್ಣವಾಗಿ ತಿಳಿಯುತ್ತದೆ.